ನೋಟವನ್ನು ಎಲ್ಲಿ ನಿಲ್ಲಿಸಬೇಕು? ಯೋಗಾಭ್ಯಾಸಕ್ಕೂ ದಿನನಿತ್ಯದ ಕೆಲಸಕ್ಕೂ ತಕ್ಕ ದೃಷ್ಟಿಯ ಆಯ್ಕೆ

‘ಒಂದು ಬಿಂದುವಿನ ಮೇಲೆ ದೃಷ್ಟಿ ಇಡಿ’ ಎಂಬ ಸೂಚನೆಯನ್ನು ಯೋಗ ಕಲಿಯುವ ಪ್ರತಿಯೊಬ್ಬರೂ ಕೇಳಿರುತ್ತಾರೆ. ಆದರೆ ಆ ಬಿಂದು ಎಲ್ಲಿರಬೇಕು, ಎಷ್ಟು ದೂರದಲ್ಲಿರಬೇಕು, ಅದನ್ನು ಎಷ್ಟು ಹೊತ್ತು ನೋಡಬೇಕು ಎಂಬುದನ್ನು ಬಿಡಿಸಿ ಹೇಳುವಷ್ಟು ವ್ಯವಧಾನ ತರಗತಿಗಳಲ್ಲಿ ಸಿಗುವುದು ಕಡಿಮೆ. ಇದರಿಂದಾಗಿ ಕೆಲವರು ಕಣ್ಣಿಗೆ ಬಿದ್ದದ್ದನ್ನೇ ದಿಟ್ಟಿಸುತ್ತ ನಿಲ್ಲುತ್ತಾರೆ. ಇನ್ನು ಕೆಲವರು ಎಲ್ಲೋ ಓದಿದ ನಾಸಾಗ್ರವನ್ನು, ಅಂದರೆ ಮೂಗಿನ ತುದಿಯನ್ನು, ಹುಡುಕಲು ಹೋಗಿ ಹುಬ್ಬು ಗಂಟಿಕ್ಕಿಕೊಂಡು ತಲೆನೋವು ತಂದುಕೊಳ್ಳುತ್ತಾರೆ. ದೃಷ್ಟಿಗೆ ಹಲವು ಸ್ಥಾನಗಳಿವೆ, ಒಂದು ಸ್ಥಾನ ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಆದ್ದರಿಂದ ಯಾವುದು ಶ್ರೇಷ್ಠ ಎಂದು ಕೇಳುವುದಕ್ಕಿಂತ, ಈಗ ನನ್ನ ಮುಂದಿರುವ ಕೆಲಸಕ್ಕೆ ಯಾವುದು ಒಪ್ಪುತ್ತದೆ ಎಂದು ಕೇಳಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ.

ಆಯ್ಕೆಗೆ ಇಳಿಯುವ ಮುನ್ನ ಒಂದು ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಆ ಅಳತೆಗೋಲು ಉಸಿರು. ನೋಟವನ್ನು ಒಂದೆಡೆ ನಿಲ್ಲಿಸಿದ ಮೇಲೆ ಉಸಿರು ಮೊದಲಿನಷ್ಟೇ ಸಲೀಸಾಗಿ, ಅಥವಾ ಅದಕ್ಕಿಂತ ನಿಧಾನವಾಗಿ ಸಾಗುತ್ತಿದ್ದರೆ ಆ ಸ್ಥಾನ ನಿಮಗೆ ಹೊಂದಿಕೊಂಡಿದೆ ಎಂದರ್ಥ. ಉಸಿರು ಹಿಡಿದು ನಿಂತರೆ, ಹಣೆ ಸುಕ್ಕುಗಟ್ಟಿದರೆ ಅಥವಾ ದವಡೆ ಬಿಗಿದುಕೊಂಡರೆ, ಆ ದೃಷ್ಟಿಯನ್ನು ಯಾವ ಶಾಸ್ತ್ರಗ್ರಂಥ ಎಷ್ಟೇ ಹೊಗಳಿದ್ದರೂ ಇಂದಿನ ಮಟ್ಟಿಗೆ ಅದು ನಿಮಗೆ ತಕ್ಕದ್ದಲ್ಲ. ಸ್ಥಾನಕ್ಕಿಂತ ನೋಟದ ಹದ ಮುಖ್ಯ ಎಂಬುದು ನನ್ನ ನಿಲುವು, ಮುಂದಿನ ಹೋಲಿಕೆಗಳೆಲ್ಲ ಈ ನಿಲುವಿನ ಮೇಲೆಯೇ ನಿಂತಿವೆ.

ಕಣ್ಣಿನ ರಚನೆಯ ಬಗ್ಗೆ ಎರಡು ಮಾತು ಇಲ್ಲಿ ಅಗತ್ಯ. ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಒಳಗೆ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರದಲ್ಲಿ, ಅತ್ಯಂತ ಸ್ಪಷ್ಟವಾಗಿ ಕಾಣಿಸುವ ಭಾಗ ಬಹಳ ಚಿಕ್ಕದು. ಅದು ಹಿಡಿಯುವ ನೋಟದ ವಿಸ್ತಾರ ಸುಮಾರು 2 ಡಿಗ್ರಿ ಮಾತ್ರ, ಅಂದರೆ ಕೈಯನ್ನು ಪೂರ್ತಿ ಚಾಚಿದಾಗ ಹೆಬ್ಬೆರಳಿನ ಉಗುರು ಕಾಣುವಷ್ಟು ಅಗಲ. ಉಳಿದ ನೋಟವೆಲ್ಲ ಮಸುಕಾದರೂ ಚಲನೆಯನ್ನು ಗುರುತಿಸುವುದರಲ್ಲಿ ಚುರುಕು. ಎಚ್ಚರವಾಗಿರುವಾಗ ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತ, ಆ ಚಿಕ್ಕ ಸ್ಪಷ್ಟ ಭಾಗವನ್ನು ಬೇಕಾದ ಕಡೆಗೆ ತಿರುಗಿಸಿಕೊಳ್ಳುತ್ತಿರುತ್ತದೆ. ಹೀಗಾಗಿ ನೋಟವನ್ನು ನೆಡುವುದೆಂದರೆ ಕಣ್ಣನ್ನು ಕಲ್ಲಾಗಿಸುವುದಲ್ಲ, ಈ ನೆಗೆತಗಳು ತಾವಾಗಿ ಕಡಿಮೆಯಾಗುವಂತೆ ಅವಕಾಶ ಮಾಡಿಕೊಡುವುದು. ಎಷ್ಟೇ ಗಟ್ಟಿಯಾಗಿ ನೆಟ್ಟರೂ ಕಣ್ಣಿನಲ್ಲಿ ಸೂಕ್ಷ್ಮವಾದ ಅದುರುವಿಕೆ ಇದ್ದೇ ಇರುತ್ತದೆ, ಅದರೊಂದಿಗೆ ಹೋರಾಡಬೇಕಾಗಿಲ್ಲ.

ಆಸನಗಳಲ್ಲಿ ದೃಷ್ಟಿ: ಒಂಬತ್ತು ಸ್ಥಾನಗಳ ನಡುವೆ

ಮೈಸೂರಿನಲ್ಲಿ ಕೆ. ಪಟ್ಟಾಭಿ ಜೋಯಿಸ್ (1915–2009) ಅವರು ಕಲಿಸಿದ ಅಷ್ಟಾಂಗ ವಿನ್ಯಾಸ ಪದ್ಧತಿಯಲ್ಲಿ ಪ್ರತಿ ಆಸನಕ್ಕೂ ಒಂದು ದೃಷ್ಟಿ ಗೊತ್ತುಪಡಿಸಲಾಗಿದೆ. ನಾಸಾಗ್ರ, ಭ್ರೂಮಧ್ಯ (ಹುಬ್ಬುಗಳ ನಡು), ನಾಭಿ (ಹೊಕ್ಕುಳು), ಹಸ್ತಾಗ್ರ (ಕೈಯ ತುದಿ), ಪಾದಾಗ್ರ (ಕಾಲ್ಬೆರಳು), ಅಂಗುಷ್ಠ (ಹೆಬ್ಬೆರಳು), ಬಲಪಾರ್ಶ್ವ, ಎಡಪಾರ್ಶ್ವ (ಬಲ, ಎಡ ಪಕ್ಕಗಳು) ಮತ್ತು ಊರ್ಧ್ವ (ಮೇಲಕ್ಕೆ) ಎಂಬ ಒಂಬತ್ತು ಸ್ಥಾನಗಳನ್ನು ಅದು ಎಣಿಸುತ್ತದೆ. ಬೇರೆ ಪರಂಪರೆಗಳಲ್ಲಿ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಕಣ್ಣು ಮುಚ್ಚಿಕೊಂಡು ಆಸನ ಮಾಡಿಸುವ ಶಿಕ್ಷಕರೂ ಇದ್ದಾರೆ, ತಲೆ ತಿರುಗಿದ ದಿಕ್ಕಿಗೆ ಕಣ್ಣು ಸಹಜವಾಗಿ ಹೋಗಲಿ ಎನ್ನುವವರೂ ಇದ್ದಾರೆ.

ಗೊತ್ತುಪಡಿಸಿದ ದೃಷ್ಟಿಗೂ ಸ್ವಇಚ್ಛೆಯ ದೃಷ್ಟಿಗೂ ಇರುವ ವ್ಯತ್ಯಾಸವನ್ನು ಹೀಗೆ ನೋಡಬಹುದು. ಗೊತ್ತುಪಡಿಸಿದ ದೃಷ್ಟಿ ಕತ್ತನ್ನೂ ಬೆನ್ನನ್ನೂ ಒಂದು ದಿಕ್ಕಿಗೆ ಒಯ್ಯುತ್ತದೆ. ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಕಾಲ್ಬೆರಳನ್ನು ನೋಡುವವರ ಎದೆ ಮುಂದಕ್ಕೆ ಸಾಗುತ್ತದೆ. ಮಂಡಿಯನ್ನು ನೋಡುವವರ ಬೆನ್ನು ಗೂನಾಗುತ್ತದೆ. ಮರೀಚ್ಯಾಸನದಂತಹ ತಿರುಚುವ ಆಸನಗಳಲ್ಲಿ ಪಾರ್ಶ್ವದೃಷ್ಟಿ ತಿರುವನ್ನು ಕತ್ತಿನವರೆಗೂ ಮುಂದುವರಿಸುತ್ತದೆ. ಅದಲ್ಲದೆ, ಎಲ್ಲಿ ನೋಡಬೇಕೆಂಬುದು ಮೊದಲೇ ತೀರ್ಮಾನವಾಗಿರುವುದರಿಂದ ಪಕ್ಕದವರ ಆಸನದತ್ತ ಕಣ್ಣು ಹಾಯುವುದಿಲ್ಲ, ಹೋಲಿಸಿಕೊಂಡು ಕುಗ್ಗುವ ಅಥವಾ ಬೀಗುವ ಪ್ರಸಂಗವೂ ಬರುವುದಿಲ್ಲ. ಕ್ರಮಬದ್ಧವಾದ ಸರಣಿಯನ್ನು ದಿನವೂ ಅಭ್ಯಾಸ ಮಾಡುವವರಿಗೆ ಇದನ್ನೇ ನಾನು ಸೂಚಿಸುತ್ತೇನೆ.

ಆದರೆ ದೇಹದ ಸ್ಥಿತಿ ಅಡ್ಡ ಬಂದಾಗ ಪಟ್ಟಿಗೆ ಜೋತುಬೀಳಬಾರದು. ತ್ರಿಕೋನಾಸನದಲ್ಲಿ ಮೇಲೆತ್ತಿದ ಕೈಯ ಬೆರಳನ್ನು ನೋಡಬೇಕೆಂಬ ನಿಯಮ ಕುತ್ತಿಗೆಯ ಸ್ಪಾಂಡಿಲೈಟಿಸ್ ಇರುವವರಿಗೆ ನೋವನ್ನೇ ಕೊಡುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿದರೆ ತಲೆಸುತ್ತು ಬರುವವರಿಗೆ ಊರ್ಧ್ವದೃಷ್ಟಿಯ ಯಾವ ಆಸನವೂ ಸುರಕ್ಷಿತವಲ್ಲ. ಇಂಥವರು ಮುಖವನ್ನು ನೇರಕ್ಕೆ ಇಟ್ಟು ಎದುರಿನ ಗೋಡೆಯನ್ನು ನೋಡಿದರೆ ಆಸನದ ಸತ್ವಕ್ಕೆ ಏನೂ ಕೊರತೆಯಾಗದು. ಕೈಯನ್ನು ನೋಡಲೇಬೇಕೆನಿಸಿದರೆ ಕೆಳಗಿನ ಕೈಯನ್ನು ನೋಡಬಹುದು.

ಸಮತೋಲದ ಆಸನಗಳು: ಹತ್ತಿರದ ಬಿಂದುವೇ, ದೂರದ ಬಿಂದುವೇ

ದೃಷ್ಟಿಯ ಆಯ್ಕೆಯ ಫಲ ಕೂಡಲೇ ಗೊತ್ತಾಗುವುದು ಒಂಟಿಕಾಲಿನ ಆಸನಗಳಲ್ಲಿ. ದೇಹವು ಸಮತೋಲ ಕಾಯ್ದುಕೊಳ್ಳಲು ಮೂರು ಮೂಲಗಳಿಂದ ಸುದ್ದಿ ಪಡೆಯುತ್ತದೆ: ಕಣ್ಣು, ಒಳಕಿವಿಯ ಸಮತೋಲ ಅಂಗ, ಹಾಗೂ ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ. ವೃಕ್ಷಾಸನದಲ್ಲಿ ನಿಂತು ಕಣ್ಣು ಮುಚ್ಚಿದರೆ ಕಣಕಾಲು ಎಷ್ಟು ಬೇಗ ತೂರಾಡುತ್ತದೆ ಎಂಬುದನ್ನು ಗಮನಿಸಿದವರಿಗೆ, ಈ ಮೂರರಲ್ಲಿ ಕಣ್ಣಿನ ಪಾಲು ಎಷ್ಟು ದೊಡ್ಡದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಿಂದುವನ್ನು ಆದಷ್ಟು ದೂರದಲ್ಲಿ ಆರಿಸಿಕೊಳ್ಳಿ ಎಂಬ ಸಲಹೆ ಸಾಮಾನ್ಯವಾಗಿ ಕೇಳಿಬರುತ್ತದೆ. ಕಲಿಯುವ ಹಂತದಲ್ಲಿರುವವರಿಗೆ ಇದು ಅಷ್ಟು ಸರಿಯಲ್ಲ. ದೇಹ ಒಂದು ಅಂಗುಲ ವಾಲಿದಾಗ ಹತ್ತಿರದ ವಸ್ತು ಕಣ್ಣಿನಲ್ಲಿ ಹೆಚ್ಚು ಸರಿದಂತೆ ಕಾಣುತ್ತದೆ, ದೂರದ ವಸ್ತು ಬಹುಮಟ್ಟಿಗೆ ಸರಿಯುವುದೇ ಇಲ್ಲ. ಸರಿದದ್ದು ಕಂಡರೆ ತಾನೇ ದೇಹ ಅದನ್ನು ತಿದ್ದಿಕೊಳ್ಳುವುದು! ಎತ್ತರದ ಸ್ಥಳದ ಅಂಚಿನಲ್ಲಿ ನಿಂತಾಗ ಕಾಲು ನಡುಗುವುದಕ್ಕೂ ಇದೊಂದು ಕಾರಣ: ಕಣ್ಣಿಗೆ ಆಧಾರವಾಗುವಂಥ ಹತ್ತಿರದ ಸ್ಥಿರ ವಸ್ತು ಅಲ್ಲಿ ಇರುವುದಿಲ್ಲ. ಹಾಗಾಗಿ ಹೊಸಬರು ಒಂದೂವರೆಯಿಂದ ಎರಡು ಮೀಟರ್ ದೂರದೊಳಗಿನ ಬಿಂದುವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ವೃಕ್ಷಾಸನವನ್ನೇ ತೆಗೆದುಕೊಂಡು ಹಂತಗಳನ್ನು ಹೋಲಿಸೋಣ. ಎಲ್ಲಕ್ಕಿಂತ ಸುಲಭವಾದುದು ಮುಂದೆ ಸುಮಾರು ಒಂದೂವರೆ ಮೀಟರ್ ದೂರದಲ್ಲಿ ನೆಲದ ಮೇಲಿನ ಒಂದು ಗುರುತು. ಇಲ್ಲಿ ರೆಪ್ಪೆ ಅರ್ಧ ಇಳಿದಿರುತ್ತದೆ, ಕತ್ತು ಹೆಚ್ಚು ಬಾಗದೆ ಕಣ್ಣಷ್ಟೇ ಕೆಳಗಿರುತ್ತದೆ. ಕಾಲಿನ ಬುಡವನ್ನೇ ನೋಡಿದರೆ ತಲೆಯ ಭಾರ ಮುಂದಕ್ಕೆ ಹೋಗಿ ಇಡೀ ದೇಹ ಮುಗ್ಗರಿಸುತ್ತದೆ, ಅದನ್ನು ತಪ್ಪಿಸಬೇಕು. ಎರಡನೆಯದು ಕಣ್ಣಿನ ಮಟ್ಟದಲ್ಲಿ ಗೋಡೆಯ ಮೇಲಿನ ಬಿಂದು. ಇದರಲ್ಲಿ ಬೆನ್ನು ನೆಟ್ಟಗಾಗುತ್ತದೆ, ಎದೆ ತೆರೆದುಕೊಳ್ಳುತ್ತದೆ, ಆದ್ದರಿಂದ ಸ್ವಲ್ಪ ಅಭ್ಯಾಸವಾದ ಮೇಲೆ ಇದೇ ಉತ್ತಮ. ಮೂರನೆಯದು ಮೇಲೆತ್ತಿದ ಕೈಗಳ ಹೆಬ್ಬೆರಳು. ಇದು ನಿಜಕ್ಕೂ ಕಷ್ಟದ ಹಂತ, ಏಕೆಂದರೆ ನೋಡುತ್ತಿರುವ ವಸ್ತುವೇ ದೇಹದೊಂದಿಗೆ ಅಲುಗಾಡುತ್ತಿರುವುದರಿಂದ ಅದು ಸ್ಥಿರವಾದ ಆಧಾರವಾಗಲಾರದು. ಜೊತೆಗೆ ತಲೆ ಹಿಂದಕ್ಕೆ ಬಾಗಿದಾಗ ಒಳಕಿವಿಯ ಲೆಕ್ಕಾಚಾರವೂ ಬದಲಾಗುತ್ತದೆ. ಕಣ್ಣು ಮುಚ್ಚಿ ನಿಲ್ಲುವುದು ಕೊನೆಯ ಹಂತ, ಅದನ್ನು ಗೋಡೆಯ ಪಕ್ಕದಲ್ಲೇ ಮಾಡಬೇಕು.

ಬಿಂದು ಯಾವುದೇ ಆಗಿರಲಿ, ಅದು ಅಲುಗಾಡದ್ದಾಗಿರಬೇಕು. ಗಾಳಿಗೆ ಆಡುವ ಪರದೆಯೋ, ಮುಂದಿನ ಸಾಲಿನಲ್ಲಿ ತೂರಾಡುತ್ತಿರುವವರ ಬೆನ್ನೋ ನಿಮ್ಮನ್ನೂ ತೂರಾಡಿಸುತ್ತದೆ. ಬಿಂದುವನ್ನು ಕಾಲೆತ್ತುವ ಮೊದಲೇ ಆರಿಸಿ, ಒಂದೆರಡು ಉಸಿರು ಅದನ್ನು ನೋಡಿ, ಆಮೇಲೆ ಕಾಲೆತ್ತಬೇಕು. ಕಾಲೆತ್ತಿದ ಮೇಲೆ ಬಿಂದು ಹುಡುಕುವವರೇ ಹೆಚ್ಚು ಮಂದಿ, ಬೀಳುವವರೂ ಅವರೇ.

ನಾಸಾಗ್ರವೇ, ಭ್ರೂಮಧ್ಯವೇ

ಧ್ಯಾನಕ್ಕೂ ಪ್ರಾಣಾಯಾಮಕ್ಕೂ ಕೂರುವವರನ್ನು ಕಾಡುವ ಪ್ರಶ್ನೆ ಇದು. ಎರಡಕ್ಕೂ ಹಳೆಯ ಆಧಾರಗಳಿವೆ. ಭಗವದ್ಗೀತೆಯ ಐದನೆಯ ಅಧ್ಯಾಯದ 27ನೆಯ ಶ್ಲೋಕ ಹುಬ್ಬುಗಳ ನಡುವೆ ನೋಟವನ್ನು ಇರಿಸುವ ಮಾತನ್ನಾಡುತ್ತದೆ. ಆರನೆಯ ಅಧ್ಯಾಯದ 13ನೆಯ ಶ್ಲೋಕ ಮೈ, ತಲೆ, ಕತ್ತುಗಳನ್ನು ಸಮವಾಗಿಟ್ಟು, ದಿಕ್ಕುಗಳತ್ತ ನೋಡದೆ, ಮೂಗಿನ ತುದಿಯನ್ನು ನೋಡಬೇಕೆನ್ನುತ್ತದೆ. ಒಂದೇ ಗ್ರಂಥದಲ್ಲಿ ಎರಡೂ ಇರುವಾಗ ಒಂದನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯುವ ವಾದಕ್ಕೆ ಅರ್ಥವಿಲ್ಲ.

ಆರನೆಯ ಅಧ್ಯಾಯದ ಶ್ಲೋಕಕ್ಕೆ ಶಂಕರಾಚಾರ್ಯರು ಬರೆದ ಭಾಷ್ಯವನ್ನು ಅಭ್ಯಾಸಿಗಳು ಅಗತ್ಯವಾಗಿ ತಿಳಿದಿರಬೇಕು. ಮೂಗಿನ ತುದಿಯನ್ನು ನೋಡುವುದನ್ನೇ ಇಲ್ಲಿ ವಿಧಿಸಿಲ್ಲ, ನೋಡುವವನಂತೆ ಇರಬೇಕೆಂಬುದಷ್ಟೇ ಇಲ್ಲಿನ ತಾತ್ಪರ್ಯ ಎಂದು ಅವರು ಹೇಳುತ್ತಾರೆ. ಅದಕ್ಕೆ ಅವರು ಕೊಡುವ ಕಾರಣ ಬಹಳ ನೇರವಾದುದು: ಮೂಗಿನ ತುದಿಯನ್ನೇ ನೋಡಬೇಕೆಂದಾದರೆ ಮನಸ್ಸು ಅಲ್ಲಿಯೇ ನಿಲ್ಲುತ್ತದೆಯೇ ಹೊರತು ಆತ್ಮನಲ್ಲಿ ನಿಲ್ಲುವುದಿಲ್ಲ. ಕಣ್ಣುಗಳನ್ನು ಮೆಳ್ಳೆಗಣ್ಣಿನಂತೆ ಒಳಕ್ಕೆ ಎಳೆದುಕೊಂಡು, ಎರಡಾಗಿ ಕಾಣುವ ಮೂಗಿನ ಅಂಚನ್ನು ಹಿಡಿಯಲು ಒದ್ದಾಡುವ ಅಭ್ಯಾಸಿಗಳಿಗೆ ಈ ಮಾತು ದೊಡ್ಡ ಬಿಡುಗಡೆ. ನೋಟವನ್ನು ಮೂಗಿನ ದಿಕ್ಕಿನಲ್ಲಿ ಕೆಳಕ್ಕೆ ಇಳಿಸಿ, ಯಾವ ವಸ್ತುವನ್ನೂ ಹಿಡಿಯದೆ, ಹಾಗೆಯೇ ಬಿಟ್ಟರೆ ಸಾಕು.

ದೇಹದ ಕಡೆಯಿಂದ ನೋಡಿದರೂ ಎರಡಕ್ಕೂ ಸಾಕಷ್ಟು ಅಂತರವಿದೆ. ಎರಡು ಕಣ್ಣುಗಳು ಒಳಮುಖವಾಗಿ ಕೂಡಿಕೊಳ್ಳುವುದು ಕೆಳಗೆ ನೋಡುವಾಗ ಸುಲಭ, ಮೇಲೆ ನೋಡುವಾಗ ಕಷ್ಟ. ಓದುವ ಪುಸ್ತಕವನ್ನು ಎಲ್ಲರೂ ಕೆಳಗೆ ಹಿಡಿಯುವುದೇ ಹೊರತು ಹಣೆಯ ಮೇಲೆ ಹಿಡಿಯುವುದಿಲ್ಲ. ನಾಸಾಗ್ರದಲ್ಲಿ ರೆಪ್ಪೆ ಇಳಿದಿರುವುದರಿಂದ ಕಣ್ಣಿನ ತೇವ ಬೇಗ ಆರುವುದಿಲ್ಲ, ಹೆಚ್ಚು ಹೊತ್ತು ಕೂರಬಹುದು. ಭ್ರೂಮಧ್ಯದಲ್ಲಿ ಕಣ್ಣುಗಳನ್ನು ಮೇಲಕ್ಕೂ ಒಳಕ್ಕೂ ಒಟ್ಟಿಗೆ ಎಳೆಯಬೇಕಾಗುವುದರಿಂದ ಸ್ನಾಯುಗಳು ಬೇಗ ದಣಿಯುತ್ತವೆ, ಹಣೆಯಲ್ಲಿ ಭಾರ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ನನ್ನ ಸಲಹೆ ಸ್ಪಷ್ಟವಾಗಿದೆ. ಮನಸ್ಸು ಚಡಪಡಿಸುತ್ತಿರುವಾಗ, ದಿನದ ಕೆಲಸ ಮುಗಿಸಿ ಕುಳಿತಾಗ, ದೀರ್ಘ ಕಾಲ ಕೂರಬೇಕೆಂದಿರುವಾಗ ನಾಸಾಗ್ರವನ್ನು ಆರಿಸಿಕೊಳ್ಳಿ. ತೂಕಡಿಕೆ ಬರುತ್ತಿರುವಾಗ, ಮನಸ್ಸು ಮಂಕಾಗಿರುವಾಗ ಭ್ರೂಮಧ್ಯವನ್ನು ಕೆಲವು ಉಸಿರುಗಳ ಕಾಲ ಮಾತ್ರ ಬಳಸಿ. ಅದೂ ಕಣ್ಣು ಮುಚ್ಚಿಕೊಂಡು, ಕಣ್ಣುಗುಡ್ಡೆಯನ್ನು ಬಲವಂತವಾಗಿ ಮೇಲೆತ್ತದೆ, ಗಮನವನ್ನು ಮಾತ್ರ ಹುಬ್ಬುಗಳ ನಡುವಿಗೆ ಒಯ್ದರೆ ಒಳ್ಳೆಯದು. ಹಣೆ ಬಿಗಿದ ಕ್ಷಣವೇ ನೋಟವನ್ನು ಕೆಳಕ್ಕೆ ಇಳಿಸಬೇಕು. ಮೈಗ್ರೇನ್ ಇರುವವರಿಗೆ ಭ್ರೂಮಧ್ಯವನ್ನು ನಾನು ಸೂಚಿಸುವುದಿಲ್ಲ.

ತ್ರಾಟಕ: ದೀಪದ ಜ್ವಾಲೆ, ಕಪ್ಪು ಚುಕ್ಕೆ, ಮತ್ತಿತರ ಲಕ್ಷ್ಯಗಳು

ಸಾಮಾನ್ಯವಾಗಿ 15ನೆಯ ಶತಮಾನದ್ದೆಂದು ಹೇಳಲಾಗುವ ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯು ತ್ರಾಟಕವನ್ನು ಷಟ್ಕರ್ಮಗಳಲ್ಲಿ ಒಂದಾಗಿ, ಅಂದರೆ ಶುದ್ಧಿಕ್ರಿಯೆಯಾಗಿ ಎಣಿಸುತ್ತದೆ. ಚಿಕ್ಕದೊಂದು ಲಕ್ಷ್ಯವನ್ನು ನಿಶ್ಚಲವಾದ ನೋಟದಿಂದ, ಏಕಾಗ್ರನಾಗಿ, ಕಣ್ಣೀರು ಬರುವವರೆಗೆ ನೋಡಬೇಕು ಎಂಬುದು ಅದರ ವಿಧಾನ. ಲಕ್ಷ್ಯ ಚಿಕ್ಕದಾಗಿರಬೇಕೆಂದಷ್ಟೇ ಅಲ್ಲಿ ಹೇಳಿದೆ. ದೀಪವೇ ಆಗಬೇಕೆಂದು ಆ ಶ್ಲೋಕದಲ್ಲಿ ಇಲ್ಲ. ಆಯ್ಕೆಗೆ ಎಡೆಯಿರುವುದು ಇಲ್ಲಿಯೇ.

ದೀಪದ ಜ್ವಾಲೆಯ ಅನುಕೂಲವೇನೆಂದರೆ ಅದು ಕಣ್ಣನ್ನು ತಾನಾಗಿ ಸೆಳೆಯುತ್ತದೆ, ಕಣ್ಣು ಮುಚ್ಚಿದ ಮೇಲೆ ಅದರ ಪಡಿನೆರಳು ರೆಪ್ಪೆಯ ಹಿಂದೆ ಕೆಲವು ಕ್ಷಣ ಉಳಿಯುತ್ತದೆ. ಆ ಒಳಗಿನ ಬಿಂಬವನ್ನು ಹಿಂಬಾಲಿಸುವುದೇ ಅಂತರಂಗ ತ್ರಾಟಕದ ಮೊದಲ ಪಾಠವಾಗುವುದರಿಂದ, ಹೊರಗಿನಿಂದ ಒಳಗೆ ಸಾಗುವ ಅಭ್ಯಾಸ ಕಲಿಯಲು ಜ್ವಾಲೆಯಷ್ಟು ಸಹಾಯಕವಾದ ಲಕ್ಷ್ಯ ಬೇರೊಂದಿಲ್ಲ. ಅದಕ್ಕೆ ಬೇಕಾದ ಏರ್ಪಾಡು ಹೀಗಿರಲಿ: ಗಾಳಿಯಾಡದ, ಮಂದ ಬೆಳಕಿನ ಕೋಣೆಯಲ್ಲಿ ದೀಪವನ್ನು ಚಾಚಿದ ಕೈಗೆ ಎಟಕುವುದಕ್ಕಿಂತ ತುಸು ದೂರದಲ್ಲಿ, ಜ್ವಾಲೆ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಕೊಂಚ ಕೆಳಗೆ ಬರುವಂತೆ ಇಡಬೇಕು. ಜ್ವಾಲೆಯ ತುದಿ ಹೆಚ್ಚು ಆಡುತ್ತದೆ. ಬತ್ತಿಯ ತುದಿಗೆ ಸ್ವಲ್ಪ ಮೇಲಿನ ಭಾಗ ಹೆಚ್ಚು ಸ್ಥಿರವಾಗಿರುವುದರಿಂದ ಅಲ್ಲಿ ನೋಟ ಇಡಬೇಕು. ಅರ್ಧ ನಿಮಿಷದಿಂದ ಒಂದು ನಿಮಿಷ ನೋಡಿ, ಕಣ್ಣು ಮುಚ್ಚಿ, ಬಿಂಬ ಮಾಸುವವರೆಗೆ ಒಳಗೆ ನೋಡಿ, ಮತ್ತೆ ತೆರೆಯಬೇಕು. ಇಂಥ ಎರಡು ಮೂರು ಆವೃತ್ತಿಗಳು ಆರಂಭಕ್ಕೆ ಧಾರಾಳವಾಯಿತು.

ಜ್ವಾಲೆಯ ದೋಷಗಳೂ ಕಡಿಮೆಯಿಲ್ಲ. ಮಿನುಗುವ ಬೆಳಕು ಅಪಸ್ಮಾರ ಇರುವವರಿಗೆ ಅಪಾಯಕಾರಿಯಾಗಬಹುದು, ಮೈಗ್ರೇನ್ ಇರುವವರಿಗೆ ತಲೆನೋವನ್ನು ಕೆರಳಿಸಬಹುದು. ಹೊಗೆಯೂ ಬಿಸಿಯೂ ಕಣ್ಣನ್ನು ಒಣಗಿಸುತ್ತವೆ. ಇಂಥವರಿಗೆ, ಹಾಗೆಯೇ ದಿನವೂ ಯಾವ ಸಿದ್ಧತೆಯೂ ಇಲ್ಲದೆ ಅಭ್ಯಾಸ ಮಾಡಬಯಸುವವರಿಗೆ, ಬಿಳಿಯ ಹಾಳೆಯ ಮೇಲೆ ಬರೆದ ಕಾಳುಮೆಣಸಿನ ಗಾತ್ರದ ಕಪ್ಪು ಚುಕ್ಕೆ ಉತ್ತಮ. ಹಗಲ ಬೆಳಕಿನಲ್ಲಿ, ಒಂದು ಮೀಟರ್‌ಗಿಂತ ತುಸು ಹೆಚ್ಚು ದೂರದಲ್ಲಿ ಅದನ್ನು ಗೋಡೆಗೆ ಅಂಟಿಸಿದರೆ ಆಯಿತು. ಚುಕ್ಕೆಯಲ್ಲಿ ಸೆಳೆತವಿಲ್ಲ, ಮನಸ್ಸು ಬೇಗ ಬೇಸರಗೊಂಡು ಅಲೆಯುತ್ತದೆ. ಆದರೆ ಅಲೆದದ್ದು ಗೊತ್ತಾಗುವುದೂ ಅದರಲ್ಲೇ ಹೆಚ್ಚು. ಏಕಾಗ್ರತೆಯನ್ನು ಬೆಳೆಸಿಕೊಳ್ಳುವುದೇ ಗುರಿಯಾಗಿದ್ದರೆ ಜ್ವಾಲೆಗಿಂತ ಚುಕ್ಕೆಯೇ ಕಠಿಣವಾದ ಮತ್ತು ಪ್ರಾಮಾಣಿಕವಾದ ಗುರು ಎಂದು ನನಗನಿಸುತ್ತದೆ.

ಚುಕ್ಕೆಯನ್ನು ನೋಡುತ್ತಿರುವಾಗ ಅದರ ಸುತ್ತ ಬೆಳಕಿನ ಬಳೆ ಮೂಡುವುದು, ಅಂಚಿನಲ್ಲಿರುವ ವಸ್ತುಗಳು ಮಾಯವಾಗುವುದು, ಗೋಡೆಯೇ ಬೂದಿಬಣ್ಣಕ್ಕೆ ತಿರುಗುವುದು ಹಲವರ ಅನುಭವ. ಇದನ್ನು ಸಿದ್ಧಿಯೆಂದು ತಿಳಿದು ಹಿಗ್ಗುವುದೂ ಬೇಡ, ಕಣ್ಣು ಹೋಯಿತೆಂದು ಹೆದರುವುದೂ ಬೇಡ. ನೋಟ ಒಂದೆಡೆ ನಿಂತಾಗ ಅಂಚಿನ ಬದಲಾಗದ ದೃಶ್ಯಗಳನ್ನು ದೃಷ್ಟಿವ್ಯವಸ್ಥೆ ಕ್ರಮೇಣ ಕೈಬಿಡುತ್ತದೆ ಎಂಬುದನ್ನು ಸ್ವಿಸ್ ವೈದ್ಯ ಟ್ರಾಕ್ಸ್ಲರ್ 1804ರಲ್ಲಿಯೇ ದಾಖಲಿಸಿದ್ದ. ಕಣ್ಣು ಸ್ವಲ್ಪ ಕದಲಿದರೆ ಎಲ್ಲವೂ ಮರಳಿ ಕಾಣಿಸುತ್ತದೆ. ಮಬ್ಬುಗತ್ತಲಲ್ಲಿ ಕನ್ನಡಿಯಲ್ಲಿ ತನ್ನದೇ ಮುಖವನ್ನು ದಿಟ್ಟಿಸುವ ಅಭ್ಯಾಸವನ್ನು ನಾನು ಹೊಸಬರಿಗೆ ಸೂಚಿಸದಿರುವುದೂ ಇದೇ ಕಾರಣಕ್ಕೆ: ಮುಖದ ಭಾಗಗಳು ಮಾಸಿ, ವಿಕಾರಗೊಂಡು, ಅಪರಿಚಿತ ಮುಖದಂತೆ ಕಾಣತೊಡಗುತ್ತವೆ. ಅದು ನಿರುಪದ್ರವಿಯೇ ಆದರೂ, ಆತಂಕದ ಸ್ವಭಾವದವರಿಗೆ ಅಂಥ ನೋಟ ಒಳ್ಳೆಯದನ್ನು ಮಾಡುವುದಿಲ್ಲ.

ಹುಣ್ಣಿಮೆಯ ಚಂದ್ರನನ್ನು, ನಕ್ಷತ್ರವನ್ನು ಅಡ್ಡಿಯಿಲ್ಲದೆ ನೋಡಬಹುದು. ಸೂರ್ಯನನ್ನು ಯಾವ ಹೊತ್ತಿನಲ್ಲಿಯೂ ದಿಟ್ಟಿಸಬಾರದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ, ಆದ್ದರಿಂದ ಅದು ಸುಡುತ್ತಿರುವುದು ನೋಡುವವರಿಗೆ ಆ ಹೊತ್ತಿನಲ್ಲಿ ತಿಳಿಯುವುದೇ ಇಲ್ಲ, ಆದ ಹಾನಿ ಶಾಶ್ವತವಾಗಿ ಉಳಿಯಬಹುದು. ಉದಯದ ಸೂರ್ಯ ಸೌಮ್ಯ ಎಂಬ ಸಮಜಾಯಿಷಿಯನ್ನೂ ನಾನು ಒಪ್ಪುವುದಿಲ್ಲ.

ಎವೆಯಿಕ್ಕದೆ ನೋಡುವುದೇ, ರೆಪ್ಪೆ ಮಿಟುಕಿಸುತ್ತ ನೋಡುವುದೇ ಎಂಬುದು ತ್ರಾಟಕದಲ್ಲಿ ಉಳಿಯುವ ಇನ್ನೊಂದು ಆಯ್ಕೆ. ವಿಶ್ರಾಂತಿಯಲ್ಲಿರುವಾಗ ಮನುಷ್ಯ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಮಿಟುಕಿಸುತ್ತಾನೆ, ಪ್ರತಿ ಸಲವೂ ಕಣ್ಣೀರಿನ ತೆಳುಪದರ ಕಣ್ಣಿನ ಮೇಲೆ ಹೊಸದಾಗಿ ಹರಡುತ್ತದೆ. ಅದನ್ನು ತಡೆಹಿಡಿದಾಗ ಮೇಲ್ಮೈ ಒಣಗಿ, ಉರಿಯಾಗಿ, ಕೊನೆಗೆ ಕಣ್ಣೀರು ಸುರಿಯುತ್ತದೆ. ಗ್ರಂಥ ಹೇಳುವ ಶುದ್ಧಿ ಇದೇ. ಶುದ್ಧಿಕ್ರಿಯೆಯಾಗಿ, ತಿಳಿದವರ ಎದುರಿನಲ್ಲಿ, ಆಗೊಮ್ಮೆ ಈಗೊಮ್ಮೆ ಮಾಡುವವರು ಈ ಕ್ರಮವನ್ನು ಅನುಸರಿಸಲಿ. ಏಕಾಗ್ರತೆಗಾಗಿ ದಿನವೂ ಕೂರುವವರು ಬೇಕೆನಿಸಿದಾಗ ಮೆಲ್ಲಗೆ ರೆಪ್ಪೆ ಮುಚ್ಚಿ ತೆರೆಯುವುದೇ ಲೇಸು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದನ್ನು ತೆಗೆದಿಟ್ಟೇ ಕೂರಬೇಕು.

ಕಣ್ಣಿನ ರೋಗಗಳನ್ನು ತ್ರಾಟಕ ಕಳೆಯುತ್ತದೆ ಎಂಬ ಮಾತು ಅದೇ ಗ್ರಂಥದಲ್ಲಿದೆ. ಅದನ್ನು ನೆಚ್ಚಿಕೊಂಡು ಕನ್ನಡಕ ಬಿಸಾಡುವ ಸಾಹಸ ಮಾತ್ರ ಬೇಡ. ಸಮೀಪದೃಷ್ಟಿಗೆ ಬಹುಪಾಲು ಕಾರಣ ಕಣ್ಣುಗುಡ್ಡೆ ಉದ್ದವಾಗಿ ಬೆಳೆದಿರುವುದು. ನೋಟವನ್ನು ಎಲ್ಲಿ ನೆಟ್ಟರೂ ಆ ಉದ್ದ ಕಡಿಮೆಯಾಗುವುದಿಲ್ಲ.

ಕಣ್ಣು ತೆರೆದೇ, ಮುಚ್ಚಿಯೇ

ಕಣ್ಣು ಮುಚ್ಚಿದರೆ ಹೊರಗಿನ ಆಕರ್ಷಣೆ ತಪ್ಪುತ್ತದೆ, ಆದರೆ ನಿದ್ದೆಯೂ ಹಗಲುಗನಸೂ ಹತ್ತಿರವಾಗುತ್ತವೆ. ತೆರೆದರೆ ಎಚ್ಚರ ಉಳಿಯುತ್ತದೆ, ಚಂಚಲತೆ ಹೆಚ್ಚುತ್ತದೆ. ಇವೆರಡರ ನಡುವಿನ ದಾರಿಯನ್ನು ಶಾಂಭವೀ ಮುದ್ರೆ ಎಂಬ ಧ್ಯಾನಕ್ರಮದ ವಿವರಣೆಯಲ್ಲಿ ‘ಅಂತರ್ಲಕ್ಷ್ಯಂ ಬಹಿರ್ದೃಷ್ಟಿಃ’ ಎಂದು ಹೇಳಲಾಗಿದೆ: ಕಣ್ಣು ಹೊರಗೆ ತೆರೆದಿದ್ದರೂ ಗಮನ ಒಳಗಿರುತ್ತದೆ. ಆತಂಕದ ನೆನಪುಗಳಿಂದ ಬಳಲುವವರಿಗೆ ಕಣ್ಣು ಮುಚ್ಚಿದ ಕೂಡಲೇ ಕಳವಳ ಹೆಚ್ಚುವುದುಂಟು. ಅವರು ಅರ್ಧ ತೆರೆದ ಕಣ್ಣಿನಿಂದ ನೆಲದತ್ತ ನೋಡುತ್ತ ಕೂರುವುದು ಒಳ್ಳೆಯದು.

ದಿನನಿತ್ಯದ ಕೆಲಸಗಳಲ್ಲಿ: ನೆಡುವ ನೋಟ, ಹರಡುವ ನೋಟ

ಚಾಪೆಯಿಂದ ಎದ್ದ ಮೇಲೂ ಇದೇ ಆಯ್ಕೆ ಮುಂದುವರಿಯುತ್ತದೆ. ವ್ಯತ್ಯಾಸವೆಂದರೆ, ಅಲ್ಲಿ ಬಹುತೇಕ ನೋಟವನ್ನು ನೆಡುವುದನ್ನು ಕಲಿಯುತ್ತೇವೆ. ಇಲ್ಲಿ ಅದನ್ನು ಹರಡುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯಬೇಕಾಗುತ್ತದೆ.

ಗುರಿಯಿಟ್ಟು ಮಾಡುವ ಕೆಲಸಗಳಿಗೆ ನೆಡುವ ನೋಟವೇ ಸರಿ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಅವರು ಬ್ಯಾಸ್ಕೆಟ್‌ಬಾಲ್ ಆಟಗಾರರ ಫ್ರೀ ಥ್ರೋಗಳನ್ನು, ಅಂದರೆ ಎದುರಾಳಿಯ ಅಡ್ಡಿಯಿಲ್ಲದೆ ಬುಟ್ಟಿಗೆ ಎಸೆಯುವ ಎಸೆತಗಳನ್ನು, ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಉಲ್ಲೇಖನೀಯ. ಚೆಂಡು ಎಸೆಯುವ ಚಲನೆ ಆರಂಭವಾಗುವ ಮುನ್ನವೇ ನುರಿತ ಆಟಗಾರರ ನೋಟ ಬುಟ್ಟಿಯ ಮೇಲೆ ಹೆಚ್ಚು ಹೊತ್ತು ನೆಟ್ಟಿರುತ್ತಿತ್ತು, ಅಷ್ಟು ಪಳಗದವರ ಕಣ್ಣು ಅತ್ತಿತ್ತ ಹಾರುತ್ತಿತ್ತು. ಸೂಜಿಗೆ ದಾರ ಪೋಣಿಸುವಾಗಲೂ, ಮೊಳೆಗೆ ಸುತ್ತಿಗೆ ಎತ್ತುವಾಗಲೂ ಇದೇ ಕ್ರಮವನ್ನು ಅನುಸರಿಸಬಹುದು: ಮೊದಲು ನೋಟ ನಿಲ್ಲಲಿ, ಒಂದು ಉಸಿರು ಹೊರಹೋಗಲಿ, ಆಮೇಲೆ ಕೈ ಚಲಿಸಲಿ.

ವಾಹನ ನಡೆಸುವಾಗ ಇದಕ್ಕೆ ವಿರುದ್ಧವಾದುದು ಬೇಕು. ರಸ್ತೆಯಲ್ಲಿ ಒಂದೇ ಬಿಂದುವನ್ನು ದಿಟ್ಟಿಸುವವರಿಗೆ ಪಕ್ಕದಿಂದ ನುಗ್ಗುವವರು ಕಾಣಿಸುವುದಿಲ್ಲ. ನೋಟವನ್ನು ದೂರಕ್ಕೆ ಹಾಯಿಸಿ, ಕನ್ನಡಿಗಳತ್ತಲೂ ಪಕ್ಕಗಳತ್ತಲೂ ಸರದಿಯಂತೆ ಹೊರಳಿಸುತ್ತಿರಬೇಕು. ದ್ವಿಚಕ್ರ ವಾಹನ ಸವಾರರು ಇನ್ನೊಂದನ್ನು ನೆನಪಿಡಬೇಕು: ಕಣ್ಣು ಹೋದ ಕಡೆಗೆ ಗಾಡಿ ಹೋಗುತ್ತದೆ. ಗುಂಡಿಯನ್ನು ನೋಡುತ್ತ ಹೋದವರು ಗುಂಡಿಗೇ ಇಳಿಯುತ್ತಾರೆ. ಅದರ ಪಕ್ಕದ ದಾರಿಯನ್ನು ನೋಡಿದವರು ಪಾರಾಗುತ್ತಾರೆ. ಪ್ರಯಾಣದಲ್ಲಿ ವಾಕರಿಕೆ ಬರುವವರು ಮೊಬೈಲನ್ನೋ ಪುಸ್ತಕವನ್ನೋ ಬಿಟ್ಟು ದಿಗಂತದ ಕಡೆಗೆ ನೋಡಿದರೆ, ಕಣ್ಣು ಹೇಳುವ ಸುದ್ದಿಗೂ ಒಳಕಿವಿ ಹೇಳುವ ಸುದ್ದಿಗೂ ಹೊಂದಾಣಿಕೆಯಾಗಿ ತೊಂದರೆ ಕಡಿಮೆಯಾಗುತ್ತದೆ.

ಕಂಪ್ಯೂಟರ್ ಮತ್ತು ಮೊಬೈಲ್ ಪರದೆಯ ಮುಂದೆ ದಿನ ಕಳೆಯುವವರಿಗೆ ನೆಡುವ ನೋಟದ ಕೊರತೆಯಿಲ್ಲ, ಅತಿಯೇ ಇದೆ. ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣೊಳಗಿನ ಸ್ನಾಯು ಬಿಗಿದು ಮಸೂರವನ್ನು ದಪ್ಪಗಾಗಿಸುತ್ತದೆ, ಎರಡೂ ಕಣ್ಣುಗಳು ಒಳಕ್ಕೆ ತಿರುಗುತ್ತವೆ, ರೆಪ್ಪೆ ಮಿಟುಕಿಸುವುದು ಗಣನೀಯವಾಗಿ ತಗ್ಗುತ್ತದೆ. ಇಂಥವರು ಸಂಜೆ ಮನೆಗೆ ಬಂದು ಜ್ವಾಲೆಯ ತ್ರಾಟಕಕ್ಕೆ ಕೂತರೆ, ದಣಿದ ಕಣ್ಣಿಗೆ ದುಡಿಮೆಯ ಮೇಲೆ ದುಡಿಮೆ ಹೇರಿದಂತಾಗುತ್ತದೆ. ಅವರಿಗೆ ಸಲ್ಲುವುದು ದೂರದ ನೋಟ: ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ, ಅಂದರೆ ಸುಮಾರು 6 ಮೀಟರ್ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಸರಳ ನಿಯಮವನ್ನು ಕಣ್ಣಿನ ವೈದ್ಯರು ಹೇಳುತ್ತಾರೆ. ಅದರ ಜೊತೆಗೆ, ತಲೆಯನ್ನು ತಿರುಗಿಸದೆಯೇ ಎಡಬಲದ ಅಂಚುಗಳೂ ಗಮನಕ್ಕೆ ಬರುವಂತೆ ನೋಟವನ್ನು ಅಗಲಗೊಳಿಸಿ, ಉಸಿರನ್ನು ನಿಧಾನವಾಗಿ ಹೊರಬಿಟ್ಟರೆ ಹೆಗಲುಗಳ ಬಿಗಿತವೂ ಇಳಿಯುವುದನ್ನು ಕಾಣಬಹುದು. ಸಭೆಯಲ್ಲಿ ಮಾತನಾಡಲು ಏಳುವ ಮುನ್ನ ಅಳುಕಿದಾಗಲೂ ಈ ಅಗಲ ನೋಟವೇ ನನ್ನ ಆಯ್ಕೆ.

ಓದಲು ಕೂರುವ ಮುನ್ನ ಒಂದೆರಡು ನಿಮಿಷ ಚುಕ್ಕೆಯನ್ನು ನೋಡುವುದು ಅಲೆಯುವ ಮನಸ್ಸನ್ನು ತಕ್ಕಮಟ್ಟಿಗೆ ಕಟ್ಟಿಹಾಕುತ್ತದೆ. ಮೊಬೈಲನ್ನು ಕಣ್ಣಿಗೆ ಬೀಳದ ಕಡೆ ಇಡುವುದು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನೂ ಹೇಳಬೇಕು.

ಮನುಷ್ಯರ ಮುಖವನ್ನು ನೋಡುವಾಗ ಮಾತ್ರ ತ್ರಾಟಕದ ನೋಟವನ್ನು ಪೂರ್ತಿ ಬದಿಗಿಡಬೇಕು. ಎವೆಯಿಕ್ಕದ ನೋಟ ಎದುರಿಗಿರುವವರಿಗೆ ಬೆದರಿಕೆಯಂತೆಯೋ ಅಗೌರವದಂತೆಯೋ ಕಾಣುತ್ತದೆ. ಕೇಳುವಾಗ ಮುಖದ ಮೇಲೆ ಮೃದುವಾಗಿ ನೋಟ ಇಟ್ಟು, ಆಗಾಗ ಅತ್ತಿತ್ತ ಸರಿಸುವುದು ಸಹಜ. ಕಷ್ಟದ ಪ್ರಶ್ನೆಗೆ ಉತ್ತರ ನೆನಪಿಸಿಕೊಳ್ಳುವವರು ಮುಖದಿಂದ ಕಣ್ಣು ತೆಗೆದು ಬೇರೆಡೆ ನೋಡುವುದು ಗಮನ ತಪ್ಪಿದ್ದರ ಲಕ್ಷಣವಲ್ಲ. ಎದುರಿನ ಮುಖದಿಂದ ಬರುವ ಸುದ್ದಿಯನ್ನು ತಡೆದು ನೆನಪಿಗೆ ಜಾಗ ಮಾಡಿಕೊಡುವ ಉಪಾಯ ಅದು. ಯೋಚಿಸುತ್ತಿರುವ ಮಕ್ಕಳಿಗೆ ‘ನನ್ನ ಕಣ್ಣನ್ನೇ ನೋಡಿ ಉತ್ತರ ಹೇಳು’ ಎಂದು ಗದರಿಸುವ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು.

ಕನ್ನಡಕ ಧರಿಸುವವರು ಮತ್ತು ಎಚ್ಚರಿಕೆ ಬೇಕಾದವರು

ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗ ಹತ್ತಿರದ ಓದಿಗೆಂದು ಮಾಡಿದ್ದು. ಅದನ್ನು ಧರಿಸಿಕೊಂಡು ಸಮತೋಲದ ಆಸನದಲ್ಲಿ ನೆಲದ ಗುರುತನ್ನು ನೋಡಿದರೆ ಗುರುತು ಮಸುಕಾಗಿ, ನೆಲವೇ ಏರುಪೇರಾದಂತೆ ಕಾಣುತ್ತದೆ. ಇವರಿಗೆ ನೆಲಕ್ಕಿಂತ ಕಣ್ಣಿನ ಮಟ್ಟದ ಗೋಡೆಯ ಬಿಂದುವೇ ಸರಿ. ಸಮೀಪದೃಷ್ಟಿಯವರು ಕನ್ನಡಕ ತೆಗೆದು ಅಭ್ಯಾಸ ಮಾಡುವುದಾದರೆ ಚುಕ್ಕೆಯ ಬದಲು ದೊಡ್ಡದಾದ, ಅಂಚು ಸ್ಪಷ್ಟವಾಗಿರುವ ವಸ್ತುವನ್ನು ಆರಿಸಿಕೊಳ್ಳಬೇಕು. ಬಾಗಿಲಿನ ಚೌಕಟ್ಟಿನ ನೇರ ಅಂಚು ಇದಕ್ಕೆ ಚೆನ್ನಾಗಿ ಒದಗುತ್ತದೆ.

ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿಯಾಗುವ ರೋಗ) ಇರುವವರಿಗೆ ನೋಟದ ಸ್ಥಾನಕ್ಕಿಂತ ತಲೆಯ ಸ್ಥಾನ ಹೆಚ್ಚಿನ ಪ್ರಶ್ನೆ. ಅಧೋಮುಖ ಶ್ವಾನಾಸನ, ಶೀರ್ಷಾಸನ, ಸರ್ವಾಂಗಾಸನಗಳಂಥ ತಲೆ ಕೆಳಗಾಗುವ ಸ್ಥಿತಿಗಳಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಆದ್ದರಿಂದ ಅಲ್ಲಿ ನಾಭಿಯನ್ನು ನೋಡಬೇಕೇ ನಾಸಾಗ್ರವನ್ನು ನೋಡಬೇಕೇ ಎಂದು ವಿಚಾರಿಸುವ ಮೊದಲು ಆ ಆಸನ ಮಾಡಬಹುದೇ ಎಂದು ಕಣ್ಣಿನ ವೈದ್ಯರನ್ನು ಕೇಳಬೇಕು. ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ಅಕ್ಷಿಪಟಲದ ತೊಂದರೆ ಇರುವವರು, ಮೆಳ್ಳೆಗಣ್ಣು ಇರುವವರು ಅಥವಾ ಆಗಾಗ ಎರಡೆರಡಾಗಿ ಕಾಣುವವರು ತ್ರಾಟಕವನ್ನೂ, ಕಣ್ಣನ್ನು ಒಳಕ್ಕೆ ಎಳೆಯುವ ದೃಷ್ಟಿಗಳನ್ನೂ ವೈದ್ಯರ ಒಪ್ಪಿಗೆಯಿಲ್ಲದೆ ಆರಂಭಿಸಬಾರದು. ಅಭ್ಯಾಸದ ನಂತರ ಮಿಂಚು ಹೊಡೆದಂತೆ ಬೆಳಕು ಕಾಣುವುದು, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚುವುದು, ನೋಟದ ಒಂದು ಬದಿಗೆ ಪರದೆ ಇಳಿಬಿಟ್ಟಂತಾಗುವುದು ಇವು ಟ್ರಾಕ್ಸ್ಲರ್ ವಿವರಿಸಿದ ಮಾಸುವಿಕೆಯಲ್ಲ. ಕಣ್ಣು ಕದಲಿಸಿದರೂ ಅವು ಹೋಗುವುದಿಲ್ಲ. ಹಾಗಾದಾಗ ಮರುದಿನಕ್ಕೆ ಮುಂದೂಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.